ತಾವರಗೇರಾ ಜೀಪಿನ ಬ್ರೇಕು

ಜೀಪು ಬಾಳೆತೋಟದ ನಡುವೆ ಮೂಗು ಊರಿ ನಿಂತಿತ್ತು.

ಅದು ನುಗ್ಗಿ ಬಂದ ದಾರಿಯುದ್ದಕ್ಕೂ ಬಾಳೆಗಿಡಗಳು ಮಲಗಿದ್ದವು. ಬಾನೆಟ್ಟಿನ ಮೇಲೆ ಒಂದು ಎಳೆಗೊನೆ. ಮುಂದಿನ ಗಾಜು ಪುಡಿಪುಡಿ. ಬೆಳಿಗ್ಗೆ ಪೂಜೆಯಲ್ಲಿ ಕಟ್ಟಿದ್ದ ಚೆಂಡುಹೂವಿನ ಮಾಲೆ ಇನ್ನೂ ಬಾಡಿರಲಿಲ್ಲ. ಹಸಿರು ಬಣ್ಣದ ಹೊಸ ವಾಸನೆಯೂ ಹೋಗಿರಲಿಲ್ಲ.

ಪಿಎಸ್ಐ ಸುಮಂಗಲಾ ತಿರುವಿನಲ್ಲಿ ನಿಂತು ಮೇಲೆ ನೋಡಿದಳು. ಆನೆಗೊಂದಿಯ ಬಂಡೆಗುಡ್ಡದಿಂದ ರಸ್ತೆ ಕಡಿದಾಗಿ ಇಳಿದು ಇಲ್ಲಿ ಹೊರಳುತ್ತದೆ. ಒಂದು ಕಡೆ ಮನೆಯಷ್ಟು ದೊಡ್ಡ ಬಂಡೆ. ಇನ್ನೊಂದು ಕಡೆ ತೋಟ. ಓಡಿಸುತ್ತಿದ್ದವನು ತೋಟದ ಕಡೆ ಹೊರಳಿಸಿದ್ದ. ಅದಕ್ಕೇ ಒಳಗಿದ್ದ ಇಬ್ಬರೂ ಬದುಕಿದ್ದರು. ಒಬ್ಬನಿಗೆ ಕೈ ಮುರಿದಿತ್ತು. ಇನ್ನೊಬ್ಬ ಮುದುಕ. ತಲೆಗೆ ಏಟು ಬಿದ್ದು ಎಚ್ಚರ ತಪ್ಪಿತ್ತು. ತೋಟದ ಕೂಲಿಗಳು ಇಬ್ಬರನ್ನೂ ಗಂಗಾವತಿಯ ಆಸ್ಪತ್ರೆಗೆ ಸಾಗಿಸಿದ್ದರು.

"ಸ್ಪೀಡ್ ರೀ ಮೇಡಂ," ಎಂದ ಹೆಡ್ ಕಾನ್‌ಸ್ಟೆಬಲ್ ಹೊಳಿಯಪ್ಪ. "ಹೊಸಾ ಗಾಡಿ ಹುಚ್ಚು. ಅಪಘಾತ ಅಂತ ಬರದು ಬಿಡೂಣು."

"ಹೊಸಾದಲ್ಲ. ನನಗಿಂತ ವಯಸ್ಸಾಗೈತಿ ಇದಕ್ಕ. ಬ್ಯಾಟರಿ ಕೊಡ್ರಿ ಇಲ್ಲಿ."

ಸುಮಂಗಲಾ ಟೋಪಿ ತೆಗೆದಿಟ್ಟು ಜೀಪಿನ ಕೆಳಗೆ ತೂರಿದಳು. ಬ್ಯಾಟರಿಯ ಬೆಳಕು ಬಿಟ್ಟಳು. ಚಾಸಿಯ ಒಳಮಗ್ಗುಲಲ್ಲಿ ತೆಳ್ಳನೆಯ ಬ್ರೇಕ್ ಪೈಪು ಹಿಂದಿನ ಗಾಲಿಯ ಕಡೆ ಹೋಗಿತ್ತು. ನಡುವೆ ಹಿತ್ತಾಳೆಯ ಒಂದು ಜಾಯಿಂಟು. ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ತುದಿಗೆ ತಾಮ್ರದ ತಂತಿ ಬಿಗಿದಿದ್ದರು. ಈಗ ಪಟ್ಟಿ ಅರ್ಧ ಬಿಚ್ಚಿತ್ತು. ಒಳಗಿನ ಹಿತ್ತಾಳೆಯ ಮೇಲೆ ಹಲ್ಲು ಕಚ್ಚಿದಂಥ ಗುರುತುಗಳು. ಹೊಸವು, ಹೊಳೆಯುತ್ತಿದ್ದವು. ಸುತ್ತ ಎಲ್ಲಾ ಬ್ರೇಕ್ ಆಯಿಲ್ ಸುರಿದಿತ್ತು.

ಹೊರಗೆ ಬಂದವಳು ಜೀಪನ್ನು ಒಂದು ಸುತ್ತು ಹಾಕಿದಳು. ಹಿಂದಿನ ಮೂಲೆಯಲ್ಲಿ ಉಗುರಿನಷ್ಟು ಜಾಗದ ಬಣ್ಣ ಎದ್ದಿತ್ತು. ಬಿದ್ದಾಗ ಆದ ಗೀರಲ್ಲ. ಬ್ಲೇಡು ಹಾಕಿ ಎಬ್ಬಿಸಿದ್ದು.

"ಹೊಳಿಯಪ್ಪ, ಅಪಘಾತ ಅಂತ ಬರೀಬ್ಯಾಡ್ರಿ. ಯಾರೋ ಬ್ರೇಕ್ ಬಿಚ್ಯಾರ."

*

ಕೈ ಮುರಿದುಕೊಂಡವನು ಪ್ರವೀಣಕುಮಾರ. ಮರಳಿ ಎಂಬ ಊರಿನವನು. ಪಶು ಆಸ್ಪತ್ರೆಯಲ್ಲಿ ಕೆಲಸ. ಹಾಸಿಗೆಯ ಮೇಲೆ ಕುಳಿತಿದ್ದ. ಅವನ ಕಣ್ಣೆಲ್ಲ ಪಕ್ಕದ ಕೋಣೆಯ ಬಾಗಿಲ ಮೇಲಿತ್ತು.

"ಹನುಮಣ್ಣಗ ಎಚ್ಚರ ಆತೇನ್ರಿ ಮೇಡಂ?"

"ಇನ್ನೂ ಇಲ್ಲ. ಅವರು ನಿಮಗೇನಾಗಬೇಕು?"

"ಏನೂ ಆಗಬೇಕಾಗಿಲ್ರಿ. ಜೀಪು ಅವರದಿತ್ತು. ತಾವರಗೇರಾದವರು."

ಪ್ರವೀಣ ಹೇಳುತ್ತ ಹೋದ. ಎಮ್ಮೆಗೆ ಔಷಧ ಹಾಕಲು ತಾವರಗೇರಾಕ್ಕೆ ಹೋದಾಗ ಹನುಮಣ್ಣನ ಹಿತ್ತಲಲ್ಲಿ ಜೀಪು ಕಂಡಿದ್ದ. ಬೇವಿನ ಗಿಡದ ಕೆಳಗೆ ನಿಂತಿತ್ತು. ಸೀಟಿನ ಮೇಲೆ ಕೋಳಿ ಕಾವು ಕೂತಿತ್ತು. ಸ್ಟೇರಿಂಗಿಗೆ ಹೀರೆಬಳ್ಳಿ ಹಬ್ಬಿತ್ತು. ನೆಲದ ತಗಡು ತಿಂದುಹೋಗಿ ಕೆಳಗಿನ ಮಣ್ಣು ಕಾಣುತ್ತಿತ್ತು. ಆದರೂ ಗೇರಿನ ಪಕ್ಕದ ಎರಡು ಸಣ್ಣ ಲಿವರುಗಳು, ನಾಲ್ಕೂ ಗಾಲಿಗೆ ಶಕ್ತಿ ಕೊಡುವಂಥವು, ಕೈ ಹಾಕಿದರೆ ಸರಕ್ಕನೆ ಸರಿದವು. ಅವತ್ತೇ ಪ್ರವೀಣನ ನಿದ್ದೆ ಹಾರಿಹೋಯಿತು.

"ಮಗ ಅಯ್ಯಪ್ಪ ಮಾರಿದ ರೀ. 'ಗುಜರಿಗೆ ಹಾಕೋದಿತ್ತು, ಒಯ್ರಿ' ಅಂದ. ಹನುಮಣ್ಣ ಊರಾಗ ಇರಲಿಲ್ಲ. ಬಂದ ಮ್ಯಾಲೆ ಭಾಳ ಜಗಳ ಆತಂತ. ಆಮ್ಯಾಗ ಒಂದಿನ ನಮ್ಮ ಮನಿ ಮುಂದ ಬಂದು ನಿಂತ್ರು. 'ಒಮ್ಮಿ ನೋಡಿ ಹೋಕ್ಕೀನಪ' ಅಂದ್ರು."

"ನೋಡಿ ಹೋದ್ರೇನು?"

"ಎಲ್ಲಿ ಹೋಗ್ತಾರ್ರಿ? ವಾರಕ್ಕೊಮ್ಮಿ ಬಂದ್ರು. ಆಮ್ಯಾಗ ವಾರಗಟ್ಲೆ ನಮ್ಮಲ್ಲೇ ಉಳದ್ರು."

ಒಂದು ವರ್ಷ ಇಬ್ಬರೂ ಅದರ ಬೆನ್ನು ಹತ್ತಿದ್ದರು. ಹುಬ್ಬಳ್ಳಿ, ಬಳ್ಳಾರಿಯ ಗುಜರಿ ಅಂಗಡಿಗಳಲ್ಲಿ ಸಾಮಾನು ಹುಡುಕಿದ್ದರು. ತುಕ್ಕು ಉಜ್ಜಿದ್ದರು. ನೆಲಕ್ಕೆ ಹೊಸ ತಗಡು ಹೊಡೆಸಿದ್ದರು. ಇಂಜಿನ್ ಮತ್ತು ಬ್ರೇಕಿನ ಕೆಲಸವನ್ನು ಗಂಗಾವತಿಯ ಗ್ಯಾರೇಜಿನ ಹುಸೇನಬಾಷಾ ಮಾಡಿದ್ದ.

"ಇಂಜಿನ್ ಮೊದಲನೇ ಸಲ ಶುರುವಾದಾಗ ಹನುಮಣ್ಣ ನನ್ನ ತಬ್ಬಿಕೊಂಡು ಅತ್ತಬಿಟ್ರು. ನಮ್ಮಪ್ಪ ನಾ ಸಣ್ಣವಿದ್ದಾಗ ತೀರಿಕೊಂಡಾನ್ರಿ. ನನಗೂ ಅಳು ಬಂತು."

"ಇವತ್ತು ಏನಾತು?"

"ಪೂಜಾ ಮಾಡಿದ್ವಿ. ಅವರು ಗುಡ್ಡ ಹತ್ತೋದಿಲ್ಲ, ಬೆನ್ನು ನೋವು, ಬಸ್ಸಿಗೆ ಊರಿಗೆ ಹೋಕ್ಕೀನಿ ಅಂತಿದ್ರು. ನಾನ ಕೇಳಲಿಲ್ಲ. ನೀವು ಕುಂಡ್ರದಿದ್ರ ಗಾಡಿ ತಗಿಯಂಗಿಲ್ಲ ಅಂದೆ." ಪ್ರವೀಣನ ದನಿ ಕುಗ್ಗಿತು. "ಊರಾಗ ಬ್ರೇಕ್ ಛಲೋ ಇತ್ತು. ಗಂಗಾವತಿ ದಾಟಿದ ಮ್ಯಾಲೆ ಯಾಕೋ ಮೆತ್ತಗ ಅನಿಸ್ತು. ಗುಡ್ಡ ಇಳಿವಾಗ ಪೆಡಲ್ ನೆಲಕ್ಕ ಹೋತು. ಹ್ಯಾಂಡ್ ಬ್ರೇಕ್ ಎಳದೆ. ಅರ್ಧಾ ಹಿಡೀತು."

"ನಿಮ್ಮ ಮ್ಯಾಲೆ ಹೊಟ್ಟಿಕಿಚ್ಚು ಯಾರಿಗೈತಿ?"

ಪ್ರವೀಣ ನೋವಿನಲ್ಲೂ ನಕ್ಕ.

"ಯಾರಿಗಿಲ್ಲ ಅಂತ ಕೇಳ್ರಿ ಮೇಡಂ. ರೋಡಿಗೆ ತಂದರ ಮಂದಿ ಸುಮ್ಮ ನಿಂತು ನೋಡ್ತಾರ. ಆಫೀಸಿನ್ಯಾಗ ಜೊತಿಗಿದ್ದವರು ಮಾತು ಬಿಟ್ಟಾರ. ಆದ್ರ ತಿರುಪತಿಗೆ ಇದ್ದಷ್ಟು ಯಾರಿಗೂ ಇಲ್ಲ."

ತಿರುಪತಿ ಗಂಗಾವತಿಯ ಅಕ್ಕಿ ಗಿರಣಿಯವನು. ಗುಡ್ಡ ಹತ್ತಿಸಲೆಂದೇ ಹೊಚ್ಚ ಹೊಸ ದೊಡ್ಡ ಗಾಡಿ ಇಟ್ಟವನು. ಭಾನುವಾರ ಆನೆಗೊಂದಿಯ ಕಡೆ ಹೊರಟರೆ ಹಿಂದೆ ನಾಲ್ಕು ಜನ ಬೈಕಿನಲ್ಲಿ ಬೆನ್ನು ಹತ್ತುತ್ತಿದ್ದರು. ಈಗ ಅವರೆಲ್ಲ ಪ್ರವೀಣನ ಶೆಡ್ಡಿನ ಮುಂದೆ ನಿಲ್ಲತೊಡಗಿದ್ದರು. ತಿರುಪತಿ ಮೂರು ಸಲ ಜೀಪು ಕೇಳಿದ್ದ. ಪ್ರವೀಣ ಮೂರು ಸಲವೂ ಇಲ್ಲ ಎಂದಿದ್ದ.

ಪಕ್ಕದ ಕೋಣೆಯಲ್ಲಿ ಹನುಮಣ್ಣ ಮಲಗಿದ್ದ. ಮಂಚದ ಬಳಿ ಮೂವತ್ತರ ಮೇಲಿನ ಒಬ್ಬ ಗಂಡಸು ಕೂತು ಮುದುಕನ ಪಾದ ಒತ್ತುತ್ತಿದ್ದ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

"ಮಗ ಅಯ್ಯಪ್ಪ ರೀ," ಎಂದ ಹೊಳಿಯಪ್ಪ. "ಸುದ್ದಿ ಕೇಳಿದ ಕೂಡಲೇ ಬಂದಾನ. ನೀರು ಸೈತ ಕುಡಿದಿಲ್ಲ."

ಸುಮಂಗಲಾ ಅವನನ್ನು ಮಾತಾಡಿಸದೆ ಹೊರಟಳು.

*

ಮರಳಿಯಲ್ಲಿ ಪ್ರವೀಣನ ಹೆಂಡತಿ ರಂಜಿತಾ ಶೆಡ್ಡಿನ ಬಾಗಿಲು ತೆರೆದಳು. ನೆಲದ ಮೇಲೆ ನಾಲ್ಕಾರು ಹನಿ ಎಣ್ಣೆ ಬಿದ್ದಿದ್ದವು. ಸುಮಂಗಲಾ ಬೆರಳಿಗೆ ಹಚ್ಚಿ ಮೂಸಿದಳು. ಬ್ರೇಕ್ ಆಯಿಲ್. ಅಂದರೆ ಜೀಪು ಇಲ್ಲಿ ನಿಂತಾಗಲೇ ಕೆಲಸ ಮುಗಿದಿತ್ತು.

"ನಿನ್ನೆ ಯಾರ್‍ಯಾರು ಬಂದಿದ್ರವ್ವ?"

"ಮುಂಜಾನೆ ಹುಸೇನಬಾಷಾ ಅಣ್ಣ ಬಂದು ಬ್ರೇಕು ಒತ್ತಿ ನೋಡಿ ಹೋದ್ರು. ಸರಿ ಐತಿ ಅಂದ್ರು. ಮಧ್ಯಾಹ್ನ ಇವರು ಹನುಮಣ್ಣ ಕಾಕಾನ ಕರಕೊಂಡು ಸೀಟ್ ಕವರ್ ತರಾಕ ಗಂಗಾವತಿಗೆ ಹೋದ್ರು. ಆವಾಗ ತಿರುಪತಿ ಬಂದಿದ್ದ ರೀ. ಜೀಪಿನ ಸುತ್ತ ಅಡ್ಡಾಡಿದ. ನಾ ಕಿಡಕಿಯಿಂದ ನೋಡಿದೆ. ನನ್ನ ನೋಡಿದ ಕೂಡಲೇ ಕೈ ಜೇಬಿನ್ಯಾಗ ಹಾಕ್ಕೊಂಡು ಹೋದ."

"ಮತ್ತ?"

"ಆಮ್ಯಾಗ ಅಯ್ಯಪ್ಪ ಬಂದಿದ್ದ, ಅಪ್ಪನ್ನ ಊರಿಗೆ ಕರಿಯಾಕ. ಪಾಪ, ಶೆಡ್ಡಿನ್ಯಾಗ ಕಾದು ಕುಂತಿದ್ದ. ಕೈ ತೊಳಕೊಳ್ಳಾಕ ಸಾಬೂನ ಕೇಳಿದ, ಕೊಟ್ಟೆ. ಮಜ್ಜಿಗಿ ಕೊಟ್ಟೆ, ಕುಡೀಲಿಲ್ಲ. ಆಮ್ಯಾಗ ಕಾಕಾ ಬಂದ್ರು, ಪೂಜಾ ಮುಗಿಸಿ ನಾಳೆ ಬಸ್ಸಿಗೆ ಬರ್ತೀನಿ ಅಂದ್ರು. ಅವ ಒಬ್ಬನ ಹೋದ."

ರಂಜಿತಾ ಖಾಲಿ ಶೆಡ್ಡನ್ನು ನೋಡುತ್ತ ನಿಂತಳು.

"ಹೊಟ್ಟಿಕಿಚ್ಚಿನ ಮಾತಾದ್ರ ನನ್ನ ಹೆಸರೂ ಬರ್ಕೋರಿ ಮೇಡಂ. ಒಂದು ವರ್ಷ ನನ್ನ ಮಾರಿ ನೋಡಿಲ್ಲ ಇವರು. ಸವತಿ ಅಂತ ಕರೀತಿದ್ದೆ ಅದನ್ನ. ಆದ್ರ ಇವತ್ತು ಅದರಾಗ ನನ್ನ ಗಂಡ ಕುಂತಿದ್ದ."

*

ತಿರುಪತಿ ಗಿರಣಿಯಲ್ಲಿ ಸಿಕ್ಕ.

"ಮರಳಿಗಾ? ನಾನಾ? ನಿನ್ನೆ ಗಿರಣಿ ಬಿಟ್ಟು ಕದಲಿಲ್ರಿ."

"ರಂಜಿತಾ ನೋಡ್ಯಾಳ."

ಅವನು ಬೆವರು ಒರೆಸಿಕೊಂಡ.

"ಹೋಗಿದ್ದೆ ರೀ. ಸುಮ್ಮ ನೋಡಾಕ."

"ಬ್ಲೇಡು ಯಾಕ ಒಯ್ದಿದ್ರಿ?"

ಹೊಳಿಯಪ್ಪ ತಿರುಪತಿಯ ಹೆಗಲ ಮೇಲೆ ಕೈ ಇಟ್ಟ.

"ನಡೀರಿ, ತೋರಸ್ತೀನಿ."

ಗಿರಣಿಯ ಹಿಂದೆ, ತೌಡಿನ ಚೀಲಗಳ ಆಚೆ ತಾಡಪತ್ರಿ ಹೊದಿಸಿದ ಒಂದು ಆಕಾರ ನಿಂತಿತ್ತು. ತಿರುಪತಿ ತಾಡಪತ್ರಿ ಸರಿಸಿದ. ಒಂದು ಹಳೆಯ ಜೀಪು. ಒಂದು ಮಗ್ಗುಲು ತುಕ್ಕು. ಇನ್ನೊಂದು ಮಗ್ಗುಲಿಗೆ ಹಸಿರು ಬಣ್ಣದ ಐದಾರು ಪಟ್ಟೆ. ಒಂದೊಂದು ಒಂದೊಂದು ಹಸಿರು.

"ಯಲಬುರ್ಗಾದಾಗ ಸಿಕ್ತು ರೀ. ಯಾರಿಗೂ ಹೇಳಿಲ್ಲ. ಪ್ರವೀಣನ ಜೀಪಿನ ಬಣ್ಣ ಐತಲ್ಲ, ಅದು ನನಗ ಎಲ್ಲೂ ಸಿಗವಲ್ದು. ಅವನ್ನ ಕೇಳಾಕ ನಾಚಿಕಿ. ಒಂದು ಚೂರು ಎಬ್ಬಿಸಿಕೊಂಡು ಬಂದೆ, ಅಂಗಡ್ಯಾಗ ತೋರ್‍ಸಿ ಮಾಡಸೂಣು ಅಂತ." ಅವನು ತಲೆ ತಗ್ಗಿಸಿದ. "ಅವನ ಗಾಡಿ ಹಾಳಾಗಲಿ ಅಂತ ಬೇಡಿಕೊಂಡಿದ್ದೇನೋ ಖರೆ. ಕೈ ಹಚ್ಚಿಲ್ಲ ಮೇಡಂ."

ಜೇಬಿನಿಂದ ಒಂದು ಮಡಚಿದ ಕಾಗದ ತೆಗೆದ. ಒಳಗೆ ಉಗುರಿನಷ್ಟು ಹಸಿರು ಬಣ್ಣದ ಚೂರು.

ಹೊರಗೆ ಬಂದ ಮೇಲೆ ಹೊಳಿಯಪ್ಪ ಕೇಳಿದ. "ನಂಬ್ತೀರೇನ್ರಿ ಇವನ ಮಾತು?"

"ಬ್ರೇಕ್ ಬಿಚ್ಚಿ ಗಾಡಿ ಪುಡಿ ಮಾಡಾವ ಅದರ ಬಣ್ಣ ಯಾಕ ಹುಡುಕ್ತಾನ? ಇವನಿಗೆ ಆ ಜೀಪು ಬೇಕು. ಬಿಚ್ಚಿದವನಿಗೆ ಅದು ಇರಬಾರದಿತ್ತು."

*

ಸುಮಂಗಲಾ ಜೀಪಿನಿಂದ ಬಿಚ್ಚಿಸಿ ತಂದಿದ್ದ ಜಾಯಿಂಟನ್ನು ಹುಸೇನಬಾಷಾ ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಮುಖ ಸಣ್ಣದಾಯಿತು.

"ಇದು ಅದರಾಗ ಇತ್ತೇನ್ರಿ? ಅಲ್ಲಾ! ನಾ ನೋಡೇ ಇಲ್ಲ."

"ಬ್ರೇಕ್ ಕೆಲಸ ನೀವ ಮಾಡೀರಿ."

"ಮುಂದಿನ ಪೈಪು ಎಲ್ಲಾ ಹೊಸಾದು ಹಾಕೀನಿ. ಹಿಂದಿಂದು ಗಟ್ಟಿ ಇತ್ತು, ಸೋರತಿರಲಿಲ್ಲ. ಚಾಸಿ ಒಳಮಗ್ಗಲು ಕೈ ಹಾಕಿ ನೋಡಲಿಲ್ಲ. ನನ್ನ ತಪ್ಪು ಮೇಡಂ." ಅವನು ಮತ್ತೆ ನೋಡಿದ. "ಇದು ಜೀಪಿನ ಸಾಮಾನಲ್ರಿ. ಹೊಲದಾಗಿನ ಡೀಸೆಲ್ ಪಂಪ್‌ಸೆಟ್ಟಿಂದು. ಹಾಕಿ ಭಾಳ ವರ್ಷ ಆಗೈತಿ."

"ಈ ಹಲ್ಲಿನ ಗುರುತು?"

"ಪೈಪ್ ಪಾನಾದ್ದು. ಬಾವಿ ಪೈಪು ಬಿಚ್ಚತಾರಲ್ಲ, ಅದು. ಗ್ಯಾರೇಜಿನವರು ಬ್ರೇಕಿಗೆ ಅದನ್ನ ಹಚ್ಚಂಗಿಲ್ರಿ."

"ನೀವ ನೋಡದಿದ್ದ ಜಾಯಿಂಟು ಇನ್ನ್ಯಾರಿಗೆ ಗೊತ್ತಿರತೈತಿ?"

"ಹಾಕಿದವನಿಗೆ. ಮತ್ಯಾರಿಗೂ ಇಲ್ಲ. ಅವ ಕಣ್ಣು ಮುಚ್ಚಿಕೊಂಡು ಅಲ್ಲಿಗೇ ಕೈ ಹಾಕ್ಯಾನ ನೋಡ್ರಿ."

"ಬಿಚ್ಚಿದ ಮ್ಯಾಲೂ ಊರಾಗ ಬ್ರೇಕ್ ಹ್ಯಾಂಗ ಹಿಡೀತು?"

"ಪೂರ್ತಿ ಬಿಚ್ಚಿಲ್ಲ, ಸಡಲ ಮಾಡ್ಯಾನ. ಒತ್ತಿದಾಗೊಮ್ಮೆ ಒಂದೀಟು ಒಂದೀಟು ಆಯಿಲ್ ಹೋಗಿರತೈತಿ. ಹಳೇ ಗಾಡ್ಯಾಗ ನಾಲ್ಕೂ ಗಾಲಿಗೆ ಒಂದ ಆಯಿಲ್ಲು. ಒಂದು ಕಡೆ ಹೋದ್ರ ಎಲ್ಲಾ ಹೋದಂಗ."

ಹೊಳಿಯಪ್ಪ ದಾರಿಯಲ್ಲಿ ಬೆರಳು ಮಡಚಿದ. "ಹಳೇ ಗಾಡಿ, ಹಳೇ ಜಾಯಿಂಟು. ಹಂಗಾದ್ರ ಹನುಮಣ್ಣನ ಹಾಕ್ಸಿರಬೇಕು ರೀ. ಮಾರಿದ ಗಾಡಿ ಇನ್ನೊಬ್ಬನ ಕೈಯಾಗ ಮಿಂಚೋದು ನೋಡಿ ಮುದುಕಗ ತಡಕೊಳ್ಳಾಕ ಆಗಿಲ್ಲ."

"ಬ್ರೇಕ್ ಬಿಚ್ಚಿ ತಾನ ಹತ್ತಿ ಕುಂತನೇನು?"

ಹೊಳಿಯಪ್ಪ ಬೆರಳು ಬಿಡಿಸಿದ.

*

ಮರುದಿನ ಬೆಳಿಗ್ಗೆ ಹನುಮಣ್ಣ ಕಣ್ಣು ತೆರೆದ.

ಸುಮಂಗಲಾ ಬಾಗಿಲಲ್ಲಿದ್ದಳು. ಅಯ್ಯಪ್ಪ ಅಪ್ಪನ ಕೈ ಹಿಡಿದು ಬಗ್ಗಿದ.

"ಅಪ್ಪಾ. ಅಪ್ಪಾ, ನಾ ಇಲ್ಲೇ ಅದೀನಿ."

ಮುದುಕ ಮಗನ ಮುಖ ನೋಡಿದ. ಆಮೇಲೆ ಮಗನ ಹೆಗಲಾಚೆ ಯಾರನ್ನೋ ಹುಡುಕಿದ.

"ಪ್ರವೀಣ ಹೆಂಗದಾನ?"

ಅಯ್ಯಪ್ಪನ ಕೈ ಸಡಿಲಾಯಿತು. ಒಂದು ಗಳಿಗೆ, ಅಷ್ಟೇ. ಅವನ ಮುಖದಲ್ಲಿ ಸುಮಂಗಲಾ ಕಂಡದ್ದು ಸಿಟ್ಟಲ್ಲ. ಬೆಳಗಿನಿಂದ ಹಸಿದು ಕೂತವನ ಎದುರಿನ ಎಲೆಯನ್ನು ಎತ್ತಿ ಪಕ್ಕದವನಿಗೆ ಇಟ್ಟರೆ ಮುಖ ಹೇಗಾದೀತೋ ಹಾಗಿತ್ತು.

"ಪ್ರವೀಣ ಆರಾಮ ಅದಾರ್ರಿ," ಎಂದಳು ಸುಮಂಗಲಾ. "ಹನುಮಣ್ಣ, ಒಂದ ಮಾತು. ಜೀಪಿನ ಹಿಂದಿನ ಬ್ರೇಕ್ ಪೈಪಿಗೆ ಜಾಯಿಂಟ್ ಯಾವಾಗ ಹಾಕ್ಸಿದ್ರಿ?"

"ಜಾಯಿಂಟಾ?" ಮುದುಕನ ಹುಬ್ಬು ಗಂಟಾದವು. "ನನ್ನ ಗಾಡಿಗೆ ಜಾಯಿಂಟ್ ಎಲ್ಲೀದವ್ವ? ಒಂದು ಪೈಪೂ ಒಡದಿಲ್ಲ. ಯಾರನ್ನೂ ಮುಟ್ಟಾಕ ಬಿಟ್ಟಿಲ್ಲ ನಾ. ಇವನ್ನ ಸೈತ."

ಅಯ್ಯಪ್ಪ ಗೋಡೆ ನೋಡುತ್ತಿದ್ದ.

"ನೀವು ಏನು ಮಾಡ್ಕೊಂಡಿರ್ತೀರಿ?" ಎಂದು ಸುಮಂಗಲಾ ಅವನನ್ನು ಕೇಳಿದಳು.

"ತಾವರಗೇರಾ ಸಂತಿ ಬಾಜೂಕ ಸಣ್ಣದೊಂದು ಅಂಗಡಿ ಐತ್ರಿ."

ಏನಂಗಡಿ ಎಂದು ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

*

ತಾವರಗೇರಾದ ಅಂಗಡಿಗೆ ಬೀಗವಿತ್ತು. ಆದರೆ ಸಾಮಾನೆಲ್ಲ ಹೊರಗಿನ ಚಪ್ಪರದಲ್ಲೇ ಇತ್ತು. ಬಿಚ್ಚಿದ ಡೀಸೆಲ್ ಪಂಪ್‌ಸೆಟ್ಟುಗಳು. ಗೋಡೆಗೆ ಒರಗಿಸಿದ ಪೈಪುಗಳು. ರಿಪೇರಿ ಮುಗಿದ ಪ್ರತಿ ಪೈಪಿನ ಜಾಯಿಂಟಿಗೂ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು. ಪಟ್ಟಿಯ ತುದಿಗೆ ತಾಮ್ರದ ತಂತಿ ಬಿಗಿದಿತ್ತು.

ಹೊಳಿಯಪ್ಪ ಒಂದನ್ನು ಮುಟ್ಟಿ ನೋಡಿದ.

ಪಕ್ಕದ ಬೀಜದ ಅಂಗಡಿಯ ಕಾಸೀಮಬೀ ಇಣುಕಿದಳು. "ಅಯ್ಯಪ್ಪ ಇಲ್ರಿ. ಅಪ್ಪನ ಕೂಡ ಆಸ್ಪತ್ರ್ಯಾಗ ಅದಾನ."

"ಈ ಟ್ಯೂಬ್ ಸುತ್ತೋದು ಯಾಕವ್ವ? ಎಲ್ಲರೂ ಹಿಂಗ ಸುತ್ತತಾರೇನು?"

"ಯಾರೂ ಸುತ್ತಂಗಿಲ್ರಿ. ಅದು ಅವಂದ ಗುರುತು. ಅಯ್ಯಪ್ಪನ ಜಾಯಿಂಟು ಸೋರಂಗಿಲ್ಲ ಅಂತ ಕುಷ್ಟಗಿಯಿಂದ ಬರ್ತಾರ ರೈತರು." ಆಕೆ ದನಿ ತಗ್ಗಿಸಿದಳು. "ಊರೆಲ್ಲ ಹೊಗಳತೈತಿ. ಅವರಪ್ಪ ಮಾತ್ರ ಒಂದಿನಾ ಈ ಅಂಗಡಿ ಮೆಟ್ಟಲಾ ಹತ್ತಿಲ್ರಿ. ಮರಳಿಗೆ ಮಾತ್ರ ವಾರಾ ಹೋಗತಿದ್ದ. ಇವ ಕುಂತು ಆ ಬಸ್ಸು ನೋಡತಿದ್ದ."

*

ಆಸ್ಪತ್ರೆಯ ಹಿಂದಿನ ಕಟ್ಟೆಯ ಮೇಲೆ ಸುಮಂಗಲಾ ಜಾಯಿಂಟನ್ನು ಇಟ್ಟಳು. ಪಕ್ಕದಲ್ಲಿ ತಾವರಗೇರಾದಿಂದ ತಂದ ಪೈಪಿನ ತುಂಡು ಇಟ್ಟಳು. ಅಯ್ಯಪ್ಪ ಎರಡನ್ನೂ ನೋಡಿದ. ಕಟ್ಟೆಯ ಮೇಲೆ ಕುಸಿದು ಕೂತ.

"ಬಿಚ್ಚಿದವನಿಗೆ ಈ ಜಾಯಿಂಟು ಗೊತ್ತಿತ್ತು," ಎಂದಳು ಸುಮಂಗಲಾ. "ಪ್ರವೀಣಗ ಗೊತ್ತಿಲ್ಲ. ಹುಸೇನಬಾಷಾಗ ಗೊತ್ತಿಲ್ಲ. ತಿರುಪತಿ ಬಣ್ಣದಾಗ ಮುಳಗ್ಯಾನ. ನಿಮ್ಮಪ್ಪಗೂ ಗೊತ್ತಿಲ್ಲ. ಅವರಿಗೆ ಗೊತ್ತಿಲ್ಲದಂಗ ಅವರ ಹಿತ್ತಲದಾಗ ಇದನ್ನ ಹಾಕಾವ ಆ ಮನಿಯಾವನ ಇರಬೇಕು. ಮಧ್ಯಾಹ್ನ ಶೆಡ್ಡಿನ್ಯಾಗ ಸುಮ್ಮ ಕುಂತಾವಗ ಸಾಬೂನ ಯಾಕ ಬೇಕಿತ್ತು, ಅಯ್ಯಪ್ಪ?"

ಅಯ್ಯಪ್ಪ ಜಾಯಿಂಟನ್ನು ಕೈಗೆತ್ತಿಕೊಂಡ.

"ನನಗ ಮುಟ್ಟಾಕ ಬಿಡತಿರಲಿಲ್ರಿ. ಸ್ಟೇರಿಂಗ್ ಹಿಡದ್ರ ಹೊಡೀತಿದ್ದ. 'ನಿನ್ನ ಕೈ ಹತ್ತಿದ್ದು ಉಳಿಯಂಗಿಲ್ಲ' ಅಂತಿದ್ದ. ಒಮ್ಮಿ ಅವ ಊರಿಗೆ ಹೋದಾಗ ಕದ್ದು ಹೊಲಕ್ಕ ಒಯ್ದೆ. ಕಲ್ಲಿಗೆ ತಾಗಿ ಪೈಪು ಒಡೀತು. ಜೀವ ಹೋದಂಗಾತು. ಅವ ಬರೂದ್ರೊಳಗ ಪಂಪಿನ ಜಾಯಿಂಟು ಹಾಕಿ ಸುತ್ತಿಬಿಟ್ಟೆ. ಅದ ನಾ ಮಾಡಿದ ಮೊದಲನೇ ರಿಪೇರಿ ರೀ. ಆಮ್ಯಾಗ ಅಪ್ಪ ಅದರ ಮ್ಯಾಲ ಎಷ್ಟು ವರ್ಷ ಗಾಡಿ ಹೊಡದ! ಬ್ರೇಕ್ ಒತ್ತಿದಾಗೊಮ್ಮಿ ನನ್ನ ಕೆಲಸ ಒತ್ತತಾನ ಅಂತ ಖುಷಿ. ಹೇಳಾಕ ಧೈರ್ಯ ಇಲ್ಲ."

"ಮತ್ತ ಮಾರಿದ್ದು ಯಾಕ?"

"ಅದು ಹೋದ್ರ ನನ್ನ ಕಡೆ ನೋಡ್ತಾನ ಅನ್ಕೊಂಡೆ. ಅವ ಅದರ ಬೆನ್ನು ಹತ್ತಿ ಹೋದ. ಪ್ರವೀಣಗ ಕಲಿಸಿದ. ಪ್ರವೀಣಗ ಸ್ಟೇರಿಂಗ್ ಕೊಟ್ಟ. ಇಂಜಿನ್ ಶುರುವಾದ ದಿನ ಮನಿಗೆ ಬಂದು, 'ಅವನ ಕೈಯಾಗ ಜೀವ ಐತಿ' ಅಂದ. ನನ್ನ ಮುಂದ ಅಂದ ರೀ. ಉಣ್ಣಾಕ ಕುಂತಿದ್ದೆ ನಾ."

"ಅದಕ್ಕ ಪ್ರವೀಣನ ಜೀವ ತಗಿಯಾಕ ಹೋದ್ರಿ."

"ಜೀವ ಅಲ್ರಿ! ಪೂಜಾ ಮುಗಿದ ಕೂಡಲೇ, ಓಣ್ಯಾಗ, ಮಂದಿ ಮುಂದ ಗ್ವಾಡಿಗೆ ಗುದ್ದಲಿ ಅಂತ. ಮಾನ ಹೋಗಲಿ ಅಂತ. ಅಪ್ಪ ಹತ್ತಂಗಿಲ್ಲ ಅಂದಿದ್ದ. ಬಸ್ಸಿಗೆ ಬರ್ತೀನಿ ಅಂದಿದ್ದ."

"ಆ ಓಣ್ಯಾಗ ಹುಡುಗರು ಆಡ್ತಾವ," ಎಂದಳು ಸುಮಂಗಲಾ. ದನಿಯಲ್ಲಿ ಕರುಣೆ ಇರಲಿಲ್ಲ. "ಗ್ವಾಡಿ ಬದಲಿ ಒಂದು ಕೂಸು ಅಡ್ಡ ಬಂದಿದ್ರ? ಕೂಸಿನ ಮಾನ ಎಲ್ಲಿ ಹುಡಕತಿದ್ರಿ?"

ಹೊಳಿಯಪ್ಪ ಅಯ್ಯಪ್ಪನ ತೋಳು ಹಿಡಿದು ಎಬ್ಬಿಸಿದ.

*

ಪ್ರವೀಣ ಕೇಸು ಬೇಡವೆಂದ. ಅದು ನಿಮ್ಮ ಕೈಯಲ್ಲಿಲ್ಲ ಎಂದು ಸುಮಂಗಲಾ ಹೇಳಿದಳು. ಹನುಮಣ್ಣನಿಗೆ ವಿಷಯ ತಿಳಿಸುವ ಕೆಲಸವನ್ನು ಅವಳು ಇನ್ನೊಬ್ಬರಿಗೆ ಬಿಡಲಿಲ್ಲ. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಒಂದೂ ಬಿಡದೆ ಹೇಳಿದಳು. ಮುದುಕ ಚಾವಣಿ ನೋಡುತ್ತ ಕೇಳಿದ. ಕಣ್ಣಿನಿಂದ ಇಳಿದ ನೀರು ಕಿವಿಯ ಕಡೆ ಹರಿಯಿತು. ಒರೆಸಿಕೊಳ್ಳಲಿಲ್ಲ.

"ಯಾವ ವರ್ಷ ಒಡದಿತ್ತಂತ?"

"ಅಯ್ಯಪ್ಪ ಸಾಲಿ ಬಿಟ್ಟ ವರ್ಷ ಅಂತ."

"ಆವಾಗಿಂದ ಆ ಗಾಡಿ ಹೊಡದೀನಿ. ಮಳ್ಯಾಗ ಹೊಡದೀನಿ. ಗುಡ್ಡ ಹತ್ತಿಸೀನಿ, ಇಳಿಸೀನಿ. ಒಮ್ಮಿನೂ ಬ್ರೇಕ್ ಕೈ ಕೊಟ್ಟಿಲ್ಲ ತಂಗಿ." ಅವನು ಉಸಿರು ಎಳೆದುಕೊಂಡ. "ಛಲೋ ಹಾಕಿದ್ದ ನೋಡು. ಭಾಳ ಛಲೋ ಹಾಕಿದ್ದ."

ಸಂಜೆ ಠಾಣೆಯಲ್ಲಿ ಸುಮಂಗಲಾ ಆ ಮಾತನ್ನು ಅಯ್ಯಪ್ಪನಿಗೆ ಹೇಳಿದಳು. ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದಳು.

ಅಯ್ಯಪ್ಪ ಕಂಬಿ ಹಿಡಿದು ನಿಂತು ಕೇಳಿದ.

"ಈಗ ಅಂದನೇನ್ರಿ?" ಎಂದ.

ಆಮೇಲೆ ಕಂಬಿ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಕೂತ.